ಗರುಡನ ಮರಿಗೆ ನಾನು ಅಮ್ಮನಾದದ್ದು

ಮೊದಲೇ ಹೇಳಿಬಿಡುತ್ತೇನೆ: ಆ ಗರುಡನ ಮರಿಯನ್ನು ಹಾಳು ಮಾಡಿದವನು ನಾನೇ. ಅದರ ರೆಕ್ಕೆ ಮುರಿದದ್ದು ಗಾಳಿ, ಹಾಲು ಕುಡಿಸಿ ಹೊಟ್ಟೆ ಕೆಡಿಸಿದ್ದು ಹೊಂಗನೂರಿನವರು. ಅವೆರಡನ್ನೂ ನಮ್ಮ ಪಕ್ಷಿ ಕೇಂದ್ರದ ಡಾಕ್ಟರಮ್ಮ ಸರಿ ಮಾಡಿದರು. ನಾನು ಮಾಡಿದ್ದನ್ನು ಮಾತ್ರ ಯಾರ ಕೈಲೂ ಸರಿ ಮಾಡಲು ಆಗಲಿಲ್ಲ. ನಾನು ಹಾಳು ಮಾಡಿದ್ದು ಬಾಯಿಂದ.

ಈ ಬಾಯಿಯ ವಿಷಯ ಸ್ವಲ್ಪ ಹೇಳಬೇಕು. ಕೈಲಾಂಚದಿಂದ ರಾಮನಗರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ನಮ್ಮ ಡೇರಿಯ ಕಾರ್ಯದರ್ಶಿ ಹಾಲಿಗೆ ನೀರು ಬಿದ್ದಿದೆ ಎನ್ನುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಕರು ಸತ್ತ ಹಸು, ಸೈಲೆನ್ಸರ್ ಒಡೆದ ಮೊಪೆಡ್ಡು, ಎಲ್ಲವೂ ನನಗೆ ಬರುತ್ತದೆ. ಅಪ್ಪನ ದನಿಯಲ್ಲಿ ಒಳಮನೆಗೆ ಕೂಗಿ ಕಾಫಿ ತರಿಸಿಕೊಂಡು ಕುಡಿದಿದ್ದೇನೆ. ಮತ್ತೊಮ್ಮೆ ಕೂಗಿದಾಗ ಕಾಫಿಯ ಬದಲು ಸೌಟು ಬಂತು. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಡಿಗ್ರಿ ಮುಗಿಸಿ, ಮನೆಯಲ್ಲಿ ಕೂತು ಬಂದವರನ್ನೆಲ್ಲ ಅಣಕಿಸುತ್ತಿದ್ದವನನ್ನು ಬೆಟ್ಟದ ಬುಡದಲ್ಲಿರುವ ಪಕ್ಷಿ ಆರೈಕೆ ಕೇಂದ್ರಕ್ಕೆ ಅಟ್ಟಿದ್ದು ಅಮ್ಮ. "ಹೋಗಿ ಅಲ್ಲಾದ್ರೂ ಬಾಯ್ ಮಾಡು. ನಂಟರು ಮನೆಗೆ ಬರಾದ್ನೇ ಬುಟ್ಟವ್ರೆ" ಎಂದಳು.

ಕೇಂದ್ರ ಎಂದರೆ ದೊಡ್ಡದೇನಲ್ಲ. ಶೀಟಿನ ಒಂದು ಕೋಣೆ, ಅದರ ಹಿಂದೆ ಬಲೆ ಕಟ್ಟಿದ ಪಂಜರಗಳ ಸಾಲು. ಗಾಳಿಪಟದ ದಾರಕ್ಕೆ ಸಿಕ್ಕ ಹದ್ದು, ಹೈವೇಯಲ್ಲಿ ಕಾರಿಗೆ ಬಡಿದ ಗೂಬೆ, ನಾಯಿ ಕಚ್ಚಿದ ನವಿಲು ಅಲ್ಲಿಗೆ ಬರುತ್ತಿದ್ದವು. ಬಂದವೆಲ್ಲ ಉಳಿಯುತ್ತಿರಲಿಲ್ಲ. ನಮ್ಮ ಡಾಕ್ಟರಮ್ಮ ದೊಡ್ಡಆಲಹಳ್ಳಿಯವರು. ಇಲಾಖೆಯವರ ಜೊತೆ ಫೋನಿನಲ್ಲಿ ಪುಸ್ತಕದ ಕನ್ನಡ, ನಮ್ಮ ಜೊತೆ ಊರ ಕನ್ನಡ. ಎರಡನ್ನೂ ಕಲಿತು ನಾನು ಅವರ ಬೆನ್ನ ಹಿಂದೆ ಆಡಿ ತೋರಿಸುತ್ತಿದ್ದೆ. ಅವರಿಗೆ ಗೊತ್ತಿತ್ತು.

ಮುಂಗಾರಿಗೆ ಮುಂಚಿನ ಜೋರು ಗಾಳಿಗೆ ಕೆರೆ ಏರಿಯ ಮರದ ಕೊಂಬೆ ಮುರಿದು, ಗೂಡಿನ ಸಮೇತ ಬಿದ್ದಿದ್ದ ಮರಿಯನ್ನು ಹೊಂಗನೂರಿನ ಗಂಡ ಹೆಂಡತಿ ಸ್ಕೂಟರಿನಲ್ಲಿ ತಂದರು. ಹೆಂಡತಿಯ ತೊಡೆಯ ಮೇಲೊಂದು ಬಿದಿರಿನ ಮಂಕರಿ, ಅದರ ಬಾಯಿಗೆ ರೇಷ್ಮೆ ಮನೆಯ ಹಳೆಯ ಸೊಳ್ಳೆಬಲೆ. ಒಳಗೆ ಕಂದು ಬಣ್ಣದ ಮರಿ ಕೂತಿತ್ತು, ಹಣೆಗೆ ಕುಂಕುಮ ಇಟ್ಟುಕೊಂಡು.

"ಏನ್ ತಿನ್ನಿಸಿದ್ರಿ?" ಡಾಕ್ಟರಮ್ಮ ಕೇಳಿದರು.

"ಬಾಯಿಗೆ ಹಾಲು ಬುಟ್ವಿ. ಬಾಳೆಹಣ್ಣು ಕಿವುಚಿ ಮಡಗಿದ್ವಿ, ಅದ ಮೂಸೂ ನೋಡ್ನಿಲ್ಲ."

"ಇದು ಮಾಂಸ ತಿನ್ನೋ ಹಕ್ಕಿ ಕಣಮ್ಮ."

ಆಯಮ್ಮ ಎರಡೂ ಕಿವಿ ಮುಚ್ಚಿಕೊಂಡಳು. "ಬುಡ್ತು ಅನ್ನಿ! ದೇವ್ರ ವಾಹನ. ಇವತ್ತು ಸನಿವಾರ ಬ್ಯಾರೆ."

ಹೊರಡುವಾಗ ಇಬ್ಬರೂ ಮರಿಗೆ ಕೈಮುಗಿದರು. ಮರಿ ಹಿಕ್ಕೆ ಹಾಕಿತು. ನಾನು ಪೂಜಾರಿಯ ದನಿ ತೆಗೆದು "ತೀರ್ಥ ತಗೊಳ್ಳಿ" ಎಂದೆ. ಡಾಕ್ಟರಮ್ಮ ನನ್ನನ್ನು ನೋಡಿದ ರೀತಿಗೆ ಆ ತೀರ್ಥ ಇದ್ದಲ್ಲೇ ಇಂಗಿಹೋಯಿತು.

ಮರಿ ಸಾಕುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಅದಕ್ಕೆ ಮನುಷ್ಯರ ಮುಖ ಕಾಣಬಾರದು, ದನಿ ಕೇಳಬಾರದು. ತುತ್ತು ಕೊಡುವುದು ಮನುಷ್ಯರು ಎಂದು ಒಮ್ಮೆ ತಿಳಿದರೆ ಮುಗಿಯಿತು. ಹೊರಗೆ ಬಿಟ್ಟ ಮೇಲೆ ಹಸಿವಾದಾಗ ಕೆರೆಗೆ ಹೋಗುವುದಿಲ್ಲ, ಜನರ ಹತ್ತಿರ ಬರುತ್ತದೆ, ಬಂದು ಸಾಯುತ್ತದೆ. ಹಾಗಾಗಿ ಪಂಜರಕ್ಕೆ ಗೋಣಿಯ ಪರದೆ, ಪರದೆಗೊಂದು ಸೀಳು, ಆ ಸೀಳಿನಿಂದ ಒಳಗೆ ಹೋಗುವ ಕೈಗೆ ಬಿಳಿ ಕಾಲುಚೀಲ. ಅದಕ್ಕೆ ಹೊಲಿದ ಎರಡು ಕಪ್ಪು ಗುಂಡಿಗಳೇ ಕಣ್ಣು, ರಟ್ಟಿನದೊಂದು ಕೊಕ್ಕು. ದೊಡ್ಡ ಗರುಡನ ತಲೆ ಬಿಳಿಯಲ್ಲವೇ, ಮರಿ ಅದನ್ನೇ ಅಮ್ಮ ಎಂದುಕೊಳ್ಳಬೇಕು. ಅಮ್ಮನ ಒಳಗಿನ ಕೈ ನನ್ನದು. ಕಾಲುಚೀಲವೂ ನನ್ನದೇ. ಒಗೆದಿದ್ದೆ.

ಕೈಗೆ ಕೆಲಸ ಕೊಟ್ಟು ಬಾಯಿ ಮುಚ್ಚಿಸುವುದು ನನ್ನಂಥವನಿಗೆ ಎಷ್ಟು ದೊಡ್ಡ ಶಿಕ್ಷೆ ಎಂದು ಡಾಕ್ಟರಮ್ಮ ಯೋಚಿಸಲಿಲ್ಲ. ಮರಿಯೂ ಮೊದಮೊದಲು ಸರಿಯಾಗಿ ತಿನ್ನುತ್ತಿರಲಿಲ್ಲ. ಮೀನಿನ ಚೂರನ್ನು ಮೂತಿಗೆ ಹಿಡಿದರೆ ಮುಖ ತಿರುಗಿಸುತ್ತಿತ್ತು. ಕೆರೆಯ ಮೇಲೆ ಗರುಡಗಳು ಕೂಗುವುದನ್ನು ನಾನು ಕೇಳಿದ್ದೆ. ಹಸುಗೂಸು ರಚ್ಚೆ ಹಿಡಿದ ಹಾಗೆ, ಎಳೆದೆಳೆದು, ಕೊನೆಯಲ್ಲಿ ಸ್ವಲ್ಪ ನಡುಗುವ ದನಿ. ಮುಖ ಅಮ್ಮನದು, ದನಿ ಇಲ್ಲ ಎಂದರೆ ಯಾವ ಮಗು ನಂಬುತ್ತದೆ? ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ, ಪರದೆಯ ಹಿಂದೆ ಮೆಲ್ಲಗೆ ಕೂಗಿದೆ. ಮರಿ ಧಡಕ್ಕನೆ ಎದ್ದು ನಿಂತು ಬಾಯಿ ತೆರೆಯಿತು. ಅವತ್ತು ಇಟ್ಟದ್ದೆಲ್ಲ ಖಾಲಿ.

"ಇವತ್ತು ಚೆನ್ನಾಗಿ ತಿಂದೈತಲ್ಲೋ" ಎಂದು ಡಾಕ್ಟರಮ್ಮ ಖುಷಿಪಟ್ಟರು. ನಾನು ಕಾಲುಚೀಲವನ್ನು ತೋರಿಸಿ, "ಎಲ್ಲಾ ಇವಳ ಕೈಗುಣ" ಎಂದೆ. ನಿಜ ಹೇಳಲಿಲ್ಲ.

ಪರದೆಯ ಹಿಂದೆಯೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆದರೆ ನನಗೆ ನೋಡುವ ಜನ ಬೇಕು. ಕಾಲೇಜಿನ ಹುಡುಗ ಹುಡುಗಿಯರು ಕೇಂದ್ರ ನೋಡಲು ಬಂದಾಗ, ಡಾಕ್ಟರಮ್ಮ ಒಳಗಿರುವ ಸಮಯ ನೋಡಿಕೊಂಡು ಅಂಗಳದಲ್ಲಿ ನಿಂತು ಕೂಗುತ್ತಿದ್ದೆ. ಪಂಜರದಿಂದ ಮರಿ ಉತ್ತರ ಕೊಡುತ್ತಿತ್ತು. ಚಪ್ಪಾಳೆಯೋ ಚಪ್ಪಾಳೆ. ಗೋಣಿಯ ಸೀಳಿಗೆ ಕಣ್ಣು ಹಚ್ಚಿ ಅದು ಕೂಗುವವನ್ಯಾರೆಂದು ನೋಡುತ್ತಿರಬಹುದು ಎಂಬುದು ನನ್ನ ತಲೆಗೇ ಬರಲಿಲ್ಲ.

ರೆಕ್ಕೆ ಕೂಡಿಕೊಂಡಿತು. ದೊಡ್ಡ ಪಂಜರದಲ್ಲಿ ಹಾರಾಟ ಕಲಿತು, ತೊಟ್ಟಿಯಲ್ಲಿ ಬಿಟ್ಟ ಮೀನನ್ನು ತಾನೇ ಹಿಡಿಯತೊಡಗಿತು. ಕಾಲಿಗೆ ಕೇಂದ್ರದ ಉಂಗುರ ತೊಡಿಸಿ ಕಣ್ವ ಜಲಾಶಯದ ಹಿನ್ನೀರಿಗೆ ಒಯ್ದೆವು. ಡಬ್ಬದ ಬಾಗಿಲು ತೆರೆದ ಕೂಡಲೇ ಅದು ನೀರಿನ ಮೇಲೆ ಸಾಗಿ, ಒಂದು ಸುತ್ತು ಹೊಡೆದು ಮೇಲಕ್ಕೇರಿತು. ಡಾಕ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಎದೆ ತುಂಬಿ ಬಂತು. ಎದೆ ತುಂಬಿದಾಗ ಬೇರೆಯವರು ಅಳುತ್ತಾರೆ. ನಾನು ಕೂಗಿಬಿಟ್ಟೆ.

ಆಕಾಶದಲ್ಲಿದ್ದ ಹಕ್ಕಿ ಹೊರಳಿತು. ನೆಟ್ಟಗೆ ಇಳಿದು ಬಂದು ಜೀಪಿನ ಬಾನೆಟ್ಟಿನ ಮೇಲೆ ಕೂತು, ನನ್ನ ಕಡೆಗೆ ಬಾಯಿ ತೆರೆಯಿತು.

"ಏನೋ ಅದು?" ಎಂದರು ಡಾಕ್ಟರಮ್ಮ.

"ಏನಿಲ್ಲ ಮೇಡಂ. ಬಾಯ್ ತಪ್ಪಿ..."

"ಎಷ್ಟ್ ದಿವ್ಸದಿಂದ ತಪ್ತಾ ಐತೆ ನಿನ್ ಬಾಯಿ?"

ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಕಲಿಯಬಹುದಿತ್ತು. ನಾನು ಕಾಣದಿದ್ದರೆ ಅದು ಮೀನಿಗೆ ಇಳಿದೀತು ಎಂದು ನನ್ನನ್ನು ಜೀಪಿನ ಹಿಂದುಗಡೆ ಮಲಗಿಸಿ, ಮೇಲೆ ಗೋಣಿ ಮುಚ್ಚಿ, ಹಕ್ಕಿಯನ್ನು ಮರಕ್ಕೆ ಓಡಿಸಿ ಹೊರಟರು. ದಾರಿಯುದ್ದಕ್ಕೂ ಆ ಕೂಗು ನನಗೆ ಕೇಳುತ್ತಲೇ ಇತ್ತು. ಹಕ್ಕಿ ಹಿಂದೆ ಬಿದ್ದಿತ್ತೋ ನನ್ನ ಕಿವಿಯಲ್ಲೇ ಉಳಿದಿತ್ತೋ ಗೊತ್ತಾಗಲಿಲ್ಲ.

ಅದೇ ವಾರ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಒಬ್ಬ ರೀಲರ್ ಸಾಹೇಬರಿಂದ ಕೇಂದ್ರಕ್ಕೆ ಫೋನು, ಎತ್ತಿದವನು ನಾನೇ. ನೂಲು ತೆಗೆದ ಮೇಲೆ ಉಳಿಯುವ ಹುಳಗಳನ್ನು ಅವರ ಶೆಡ್ಡಿನ ಹಿಂದೆ ಒಣಗಲು ಹರವುತ್ತಾರೆ, ಅದಕ್ಕೆ ಹದ್ದು ಕಾಗೆಗಳ ದಂಡೇ ಬರುತ್ತದೆ. "ಬಾಕಿ ಹಕ್ಕಿ ಎಲ್ಲಾ ಹುಳ ಎತ್ಕೊಂಡು ಹೋಗ್ತವೆ. ನಿಮ್ದು ಉಂಗ್ರ ಹಾಕಿರೋದು ಮಾತ್ರ ನಮ್ ಹೆಂಗಸ್ರ ಮುಂದೆ ಬಾಯ್ ಬಿಟ್ಕೊಂಡು ನಿಂತೈತೆ. ಏನ್ ಸಾಬ್, ತುತ್ತು ಮಾಡಿ ತಿನ್ನಿಸ್ಬೇಕಾ?"

ಜನರನ್ನು ಕಂಡರೆ ಅದಕ್ಕೆ ಭಯ ಹುಟ್ಟಿಸಬೇಕು, ಉಳಿದಿರುವುದು ಅದೊಂದೇ ದಾರಿ ಎಂದು ಹೇಳಿ ಡಾಕ್ಟರಮ್ಮ ನನ್ನನ್ನೇ ಕಳಿಸಿದರು. ಶೆಡ್ಡಿನ ಹಿಂದೆ ನಿಂತು ನಾಯಿಯಾಗಿ ಬೊಗಳಿದೆ. ಕಾಗೆಗಳು ಶತ್ರುವನ್ನು ಕಂಡಾಗ ಎಬ್ಬಿಸುವ ಗಲಾಟೆ ಮಾಡಿದೆ. ಪಟಾಕಿಯಾದೆ, ಚಿರತೆಯಾದೆ. ಹಕ್ಕಿ ಕತ್ತು ವಾಲಿಸಿ, ಒಂದೊಂದೇ ಹೆಜ್ಜೆ ಹತ್ತಿರ ಬಂದು ಕೇಳಿತು. ಅಷ್ಟು ಮನಸ್ಸಿಟ್ಟು ನನ್ನನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಚೊಂಬಿನ ನೀರು ಎರಚಿದೆ, ತಗಡು ಬಡಿದೆ. ಶೀಟಿನ ಮೇಲೆ ಹಾರಿ ಕೂತಿತು. ತಗಡು ಕೆಳಗಿಟ್ಟ ಕೂಡಲೇ ಮತ್ತೆ ಇಳಿದು ಬಂತು.

"ಛೋಡೋ ಬೇಟಾ," ಸಾಹೇಬರು ನನ್ನ ಭುಜ ಮುಟ್ಟಿದರು. "ಬಿಟ್ಬಿಡು. ನೀನು ಹೊಡೆದ್ರೂ ಅದಕ್ಕೆ ಆಟ."

ಅಷ್ಟರಲ್ಲಿ ನಿಜವಾದ ನಾಯಿ ನುಗ್ಗಿತು. ನನ್ನ ಬೊಗಳಾಟ ಕೇಳಿ ಅಭ್ಯಾಸವಾಗಿದ್ದ ಹಕ್ಕಿ ಅದನ್ನು ನೋಡುತ್ತಾ ನಿಂತೇ ಇತ್ತು. ನಾನು ಬಿದ್ದು ಹಕ್ಕಿಯನ್ನು ಬಾಚಿಕೊಂಡೆ. ಬಾಲದ ಗರಿಗಳು ನಾಯಿಯ ಬಾಯಲ್ಲಿ ಉಳಿದವು. ಕೈಯೊಳಗಿನ ಹಕ್ಕಿಗೆ ತೂಕವೇ ಇರಲಿಲ್ಲ. ಎದೆಯ ಮೂಳೆ ಚಾಕುವಿನ ಬೆನ್ನಿನಂತೆ ಬೆರಳಿಗೆ ತಾಗಿತು. ಇಷ್ಟು ದಿನ ಅದು ಏನನ್ನೂ ತಿಂದಿರಲಿಲ್ಲ.

ಕೇಂದ್ರದಲ್ಲಿ ಅದನ್ನು ತೀರಾ ಹಿಂದಿನ ಪಂಜರಕ್ಕೆ ಹಾಕಿದರು. ಕಾಲುಚೀಲ ಬೇರೆಯವರ ಕೈಗೆ ಹೋಯಿತು. ನಾನು ಕೂಗುವುದಿರಲಿ, ಮಾತನ್ನೂ ಬಿಟ್ಟೆ. ಮನೆಯಲ್ಲಿ ಅಮ್ಮ ಜ್ವರವೆಂದುಕೊಂಡು ಕಷಾಯ ಕುಡಿಸಿದಳು. ಬಾಲದ ಗರಿ ಮತ್ತೆ ಬರತೊಡಗಿದವು, ಮೈ ತುಂಬಿತು. ಆದರೆ ಬೆಳಿಗ್ಗೆ ಗೇಟಿನ ಬಳಿ ನನ್ನ ಬೈಕು ನಿಂತ ಸದ್ದಾದರೆ ಸಾಕು, ಹಿಂದಿನ ಪಂಜರದಲ್ಲಿ ಆ ಎಳೆದೆಳೆದ ಕೂಗು ಶುರುವಾಗುತ್ತಿತ್ತು. ಬೈಕನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದೆ. ಹೆಜ್ಜೆಗೂ ಕೂಗಿತು.

ಇದನ್ನು ಮತ್ತೆ ಬಿಡುವುದಿಲ್ಲ, ಬೇರೆ ಊರಿನ ದೊಡ್ಡ ಪಂಜರಕ್ಕೆ ಕಳಿಸುತ್ತೇವೆ, ಬದುಕಿರುವಷ್ಟು ಕಾಲ ಅಲ್ಲೇ ಇರುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಎಲ್ಲರ ದನಿ ಬರುವ ನನಗೆ ಬೇಡಿಕೊಳ್ಳಲು ಸರಿಯಾದ ದನಿಯೇ ಸಿಗಲಿಲ್ಲ.

"ಇನ್ನೊಂದು ಸಲ ನೋಡೋಣ ಮೇಡಂ. ಮಾಗಡಿ ಕಡೆ ಎಲ್ಲಾದ್ರೂ ದೂರ ಬಿಡೋಣ. ನಾನು ಬರಲ್ಲ. ಕೂಗೋದ್ನ ಪೂರ್ತಿ ಬಿಟ್ಟಿದೀನಿ, ನೀವೇ ನೋಡ್ತಿದೀರಲ್ಲ."

ಅವರು ಹಿಂದಿನ ಪಂಜರದ ಕಡೆ ನೋಡಿದರು. ಅಲ್ಲಿ ಅದು ಕೂಗುತ್ತಿತ್ತು.

"ನೀನ್ ಕೂಗೋದ ಬುಟ್ಟೆ, ಸರಿ ಕಣಪ್ಪ. ಅದು ಕಾಯೋದ ಬುಟ್ಟೈತಾ?"