ಬೋರ್ಡಿಲ್ಲದ ಬಾಗಿಲು

ನಮ್ಮ ಬೀದಿಯ ಅಂಗಡಿಗಳ ನೆತ್ತಿಯ ಮೇಲಿನ ಅಕ್ಷರಗಳೆಲ್ಲ ಒಬ್ಬನ ಕೈಯಿಂದಲೇ ಬಂದವು. ಅವನನ್ನು ಎಲ್ಲರೂ ಬೋರ್ಡಣ್ಣ ಎನ್ನುತ್ತಾರೆ. ನಾನು ಸೈಕಲ್ ರಿಪೇರಿಯವನು, ಶಾಲೆಯ ಕಡೆ ತಲೆಹಾಕಿಯೂ ಮಲಗಿದವನಲ್ಲ. ಅವನು ಏಣಿಯ ಮೇಲೆ ನಿಂತು ಬರೆಯುವಾಗ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು ಕಲಿತವನು. ಈಗ ಪತ್ರಿಕೆಯನ್ನು ತುದಿಯಿಂದ ತುದಿಗೆ ಓದುತ್ತೇನೆ, ತಪ್ಪಿದ್ದರೆ ತೋರಿಸುತ್ತೇನೆ.

ಅಂಥ ಕೈ ಕುಡಿತಕ್ಕೆ ಬಿದ್ದು ಹಾಳಾಗುತ್ತಾ ಬಂತು. ಬೆಳಿಗ್ಗೆ ಗಂಟಲಿಗೆ ಒಂದಿಷ್ಟು ಇಳಿಯದೆ ಕುಂಚ ಕೈಯಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೊನೆಕೊನೆಗೆ ಇಳಿದರೂ ನಿಲ್ಲಲಿಲ್ಲ. ಬ್ರೆಡ್ ಅಂಗಡಿಯ ಬೋರ್ಡಿನ ಅಕ್ಷರಗಳು ಇವತ್ತಿಗೂ ಬಾಗಿಲ ಕಡೆ ವಾಲಿಕೊಂಡಿವೆ, ಒಳಗೆ ಹೋಗಿ ಬನ್ನು ಕೇಳುವವರ ಹಾಗೆ.

ಒಂದು ಗುರುವಾರ ಸಂಜೆ ನಾನು ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದೆ. ಬೋರ್ಡಣ್ಣ ನನ್ನ ಮುಂದೆಯೇ ಹೋದ. ಬಂದ. ಮತ್ತೆ ಹೋದ. ಒಂದೊಂದು ಅಂಗಡಿಯ ಮುಂದೂ ಕತ್ತೆತ್ತಿ ನೋಡುತ್ತಾನೆ.

"ಏನೋ, ಬೀದಿ ಅಳೀತಿದ್ದೀಯಾ?"

"ಇಲ್ಲಪ್ಪ, ಸುಮ್ನೆ ಗಾಳಿಗೆ ಬಂದೆ."

"ಗಾಳಿ ಬೇಕಿದ್ರೆ ಪಂಪು ಇದೆಯಲ್ಲ, ಹಾಕ್ಲಾ?"

ಅವನು ನಗಲಿಲ್ಲ. ಬಂದು ಬೆಂಚಿನ ಮೇಲೆ ಕುಸಿದ.

"ಕುಡಿತ ಬಿಡೋರು ಈ ಬೀದೀಲಿ ಸೇರ್ತಾರೆ ಅಂತ ಡಾಕ್ಟ್ರು ಹೇಳಿದ್ರು. ಎಲ್ಲಾ ಬೋರ್ಡೂ ಓದ್ದೆ. ಎಲ್ಲೂ ಇಲ್ಲ."

"ನೀನೇ ಬರ್ದಿದ್ದನ್ನ ನೀನೇ ಓದಿದ್ರೆ ಹೊಸದೇನು ಸಿಗುತ್ತೆ?"

"ತಮಾಷೆ ಬಿಡೋ. ನಿಮ್ಮತ್ತಿಗೆ ಪೆಟ್ಟಿಗೆ ತುಂಬಿ ಹೊಸ್ತಿಲ ಹತ್ರ ಇಟ್ಟಿದ್ದಾಳೆ. ನಾನು ಆ ಬಿಡೋರ ಜೊತೆ ಹೋಗಿ ಕೂತ್ರೆ ಪೆಟ್ಟಿಗೆ ಒಳಗೆ. ಇಲ್ಲಾಂದ್ರೆ ಪೆಟ್ಟಿಗೆ ಜೊತೆ ಅವಳೂ ತಂಗಿ ಮನೆಗೆ."

ನನಗೆ ಥಟ್ಟನೆ ಹೊಳೆಯಿತು. ನನ್ನ ಅಂಗಡಿಯ ಎದುರಿಗೆ, ದರ್ಜಿಯ ಅಂಗಡಿಗೂ ಗಡಿಯಾರ ರಿಪೇರಿಯವನ ಗೂಡಿಗೂ ನಡುವೆ, ಒಂದು ಹಸಿರು ಬಾಗಿಲಿದೆ. ಅದರ ಮೇಲೆ ಬೋರ್ಡೇ ಇಲ್ಲ. ಗುರುವಾರ ಬಂತೆಂದರೆ ಅಲ್ಲಿಗೆ ಒಬ್ಬೊಬ್ಬರೇ ಬರುತ್ತಾರೆ. ಒಬ್ಬನ ಕೈಯಲ್ಲಿ ಚಹಾದ ಕೆಟಲ್. ಆಮೇಲೆ ಒಳಗಿನಿಂದ ನಗು. ಇಸ್ಪೀಟು ಎಂದುಕೊಂಡಿದ್ದೆ. ಆದರೆ ಇಸ್ಪೀಟಿನವರು ಜಗಳವಾಡದೆ ಎದ್ದದ್ದುಂಟೆ? ಇವರು ಹೊರಡುವಾಗ ಒಬ್ಬರ ಭುಜ ಒಬ್ಬರು ತಟ್ಟುತ್ತಿದ್ದರು. ಅದೊಂದು ನನ್ನ ಲೆಕ್ಕಕ್ಕೆ ಸಿಗದೆ ತಲೆ ಕೊರೆಯುತ್ತಿತ್ತು.

"ಆ ಬಾಗಿಲು ತಟ್ಟಿ ನೋಡು," ಎಂದೆ.

ಅವನು ಹೋದ. ಹೊರಬಂದಾಗ ನಾನು ಅಂಗಡಿ ಮುಚ್ಚದೆ ಕಾಯುತ್ತಿದ್ದೆ.

"ಏನ್ಮಾಡ್ತಾರೋ ಒಳಗೆ?"

"ದುಂಡಗೆ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಒಬ್ಬ ಮಾತಾಡ್ತಾನೆ, ಮಿಕ್ಕೋರು ಬಾಯಿ ಹಾಕಲ್ಲ."

"ಅಷ್ಟೇನಾ? ಯಾರ್ಯಾರಿದ್ರು?"

"ಹೇಳೋ ಹಾಗಿಲ್ಲ."

"ನನಗೂನಾ?"

"ನಿನಗಂತೂ ಇಲ್ಲವೇ ಇಲ್ಲ."

ಪೆಟ್ಟಿಗೆ ಹೊಸ್ತಿಲಿಂದ ನಡುಮನೆಗೆ ಹೋಯಿತು. ತುಂಬಿದ್ದು ತುಂಬಿದ ಹಾಗೇ ಇತ್ತು, ಅಷ್ಟೆ. ವಾರಗಳು ಕಳೆದಂತೆ ಬೋರ್ಡಣ್ಣನ ಕೈ ಹಿಡಿತಕ್ಕೆ ಬಂತು. ಕೈ ಬಂದ ಮೇಲೆ ಅವನು ಸುಮ್ಮನಿರುವ ಆಸಾಮಿಯೇ? ಗುಂಪಿನವರಿಗೆ ತಿಳಿಸದೆ ಒಂದು ಹಲಗೆ ಸಿದ್ಧಮಾಡಿದ. ಹಳದಿ ಮೈ, ಕೆಂಪಕ್ಷರ: 'ಕುಡಿತ ಬಿಡುವವರ ಕೂಟ. ಗುರುವಾರ ಸಂಜೆ. ಎಲ್ಲರಿಗೂ ಸ್ವಾಗತ.' ತನ್ನ ಹಾಗೆ ಯಾರೂ ಅಲೆಯಬಾರದು ಎಂಬುದು ಅವನ ಆಸೆ. ಹಸಿರು ಬಾಗಿಲ ಮೇಲೆ ಮೊಳೆ ಹೊಡೆದ. ಏಣಿ ಹಿಡಿದವನು ನಾನೇ. ಬೀದಿಯ ಆ ತುದಿಗೂ ಕಾಣುತ್ತಿತ್ತು.

ಗುರುವಾರ ಬಂತು. ಬೋರ್ಡಣ್ಣ ಎಲ್ಲರಿಗಿಂತ ಮುಂಚೆ ಹೋಗಿ ಕುರ್ಚಿ ಹಾಕಿ ಕೂತ. ಆಗಲೇ ದರ್ಜಿ ಸ್ಟೂಲು ಹೊರಗೆಳೆದು, "ಬರ್ಲಿ, ನಮ್ಮೂರ ಕುಡುಕರು ಯಾರ್ಯಾರು ನೋಡೇಬಿಡೋಣ," ಎಂದು ಕಾಲು ಚಾಚಿದ. ಕೆಟಲಿನವನು ಬಂದ, ತಲೆ ಎತ್ತಿದ, ಕೆಟಲನ್ನು ಅಂಗಿಯ ಮರೆಗೆ ಸರಿಸಿ ನೇರ ನಡೆದುಬಿಟ್ಟ. ಒಬ್ಬ ಹೆಂಗಸು ಬಾಗಿಲವರೆಗೂ ಬಂದವಳು ದರ್ಜಿಯ ಹತ್ತಿರ ಗುಂಡಿ ಇದೆಯೇ ಎಂದು ಕೇಳಿ ಹಿಂದಿರುಗಿದಳು. ಯಾರೂ ಒಳಗೆ ಕಾಲಿಡಲಿಲ್ಲ.

ಬೋರ್ಡಣ್ಣ ಹೊರಬಂದಾಗ ಮುಖ ಸುಣ್ಣದ ಹಾಗಿತ್ತು.

"ಯಾಕೋ ಯಾರೂ ಬರ್ಲಿಲ್ಲ?"

ಕಂಡದ್ದನ್ನು ಹೇಳಿದೆ. ಅವನು ರಸ್ತೆಯ ನಡುವೆ ನಿಂತು ತನ್ನ ಅಕ್ಷರಗಳನ್ನೇ ನೋಡಿದ.

"ಇಷ್ಟು ನೆಟ್ಟಗೆ ಯಾವತ್ತೂ ಬಂದಿರ್ಲಿಲ್ಲ ಕಣೋ."

ಆಮೇಲೆ ಅವನ ಕಣ್ಣು ಬೀದಿಯ ಕೊನೆಗೆ ಹೋಯಿತು. ಅಲ್ಲಿ ಹೆಂಡದ ಅಂಗಡಿ. ಅದರ ಬೋರ್ಡೂ ಅವನದೇ. ಗುಂಪು ಚದುರಿತು, ಇನ್ನು ಇವನನ್ನು ಹಿಡಿಯುವವರು ಯಾರು ಎಂದು ನನಗೆ ದಿಗಿಲು.

"ಏಣಿ ತಗೊಂಡು ಬಾ," ಎಂದ.

ಹಲಗೆ ಇಳಿಯಿತು. ಆದರೆ ಇಳಿದ ಸುದ್ದಿಯನ್ನು ಮುಟ್ಟಿಸುವುದು ಹೇಗೆ? ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ. ಮುಂದಿನ ಗುರುವಾರ ಅವನು ಒಳಗೆ ಹೋಗದೆ ನನ್ನ ಬೆಂಚಿನ ಮೇಲೆ ಕೂತ. ದರ್ಜಿಗೆ ಆಗಲೇ ಬೇಸರ ಬಂದು ಸ್ಟೂಲು ಒಳಗೆ ಸೇರಿತ್ತು. ಗುಂಡಿ ಕೇಳಿದ ಹೆಂಗಸು ಆಚೆ ಬದಿಯಲ್ಲಿ ಕಾಣಿಸಿಕೊಂಡಳು. ಬೋರ್ಡಣ್ಣ ಮಾತಾಡಲಿಲ್ಲ, ಕೈ ಬೀಸಲಿಲ್ಲ. ಬಾಗಿಲ ನೆತ್ತಿಯನ್ನು ಸುಮ್ಮನೆ ನೋಡಿದ. ಅವಳೂ ನೋಡಿದಳು. ಖಾಲಿ ಮೊಳೆಗಳು. ಸರಕ್ಕನೆ ಒಳಗೆ ಹೋದಳು. ಹಿಂದೆಯೇ ಕೆಟಲಿನವನು. ಬೋರ್ಡಣ್ಣ ಕಣ್ಣೊರೆಸಿಕೊಂಡು ಎದ್ದ.

ಈಗ ಪ್ರತಿ ಗುರುವಾರ ಅವನು ಮೊದಲು ಇಲ್ಲಿ ಕೂರುತ್ತಾನೆ. ಯಾರಾದರೂ ಬೋರ್ಡುಗಳನ್ನು ಓದುತ್ತಾ ಹೋಗಿ ಬಂದು ಮಾಡಿದರೆ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳುತ್ತಾನೆ:

"ಸುಮ್ನೆ ಗಾಳಿಗೆ ಬಂದ್ರಾ?"

"ಹೂಂ... ಹಂಗೇ."

"ನಾನೂ ಹಂಗೇ ಬಂದಿದ್ದೆ. ಬನ್ನಿ."

ಅತ್ತಿಗೆಯ ಪೆಟ್ಟಿಗೆ ಖಾಲಿಯಾಗಿ ಅಟ್ಟ ಸೇರಿದೆ. ಆ ಹಲಗೆಯನ್ನು ಕೊಡು ಎಂದು ನಾನೇ ಕೇಳಿ, ಬೆಂಚಿನ ಹಳೇ ಹಲಗೆ ಕಿತ್ತು ಅದರ ಜಾಗಕ್ಕೆ ಅಕ್ಷರ ಕೆಳಗೆ ಮಾಡಿ ಜಡಿದೆ. ಅವನು ಕೂರುವುದು ಅದರ ಮೇಲೆಯೇ. ಉರುಳಿಹೋದ ನಟ್ಟು ಹುಡುಕಲು ನಾನು ನೆಲಕ್ಕೆ ಬಗ್ಗಿದಾಗಲೆಲ್ಲ ಓದಿಕೊಳ್ಳುತ್ತೇನೆ. ಒಂದಕ್ಷರವೂ ವಾಲಿಲ್ಲ.