ಅನುಮೋದಿಸಿದವರು ಗಂಗಮ್ಮ

ಗುಬ್ಬಿ ತಾಲ್ಲೂಕಿನ ನಮ್ಮೂರ ಗ್ರಾಮಸಭೆ ಹೊಂಗೆಯ ನೆರಳಲ್ಲಿ, ಕೆರೆಯ ತಂಗಾಳಿಗೆ ತೂಕಡಿಸುತ್ತಿತ್ತು. ಕಾರ್ಯದರ್ಶಿ ಜೋಗುಳ ಹಾಡುವಂತೆ ಓದಿದರು: “ಕೆರೆಗಿಳಿಯುವ ದಾರಿಗೆ ಬೇಲಿ ಹಾಕುವ ಠರಾವು. ಅನುಮೋದಿಸಿದವರು, ಗಂಗಮ್ಮ.”

ಎಮ್ಮೆ ಸಾಕಿ ಬದುಕುವ ಗಂಗಮ್ಮ ಎದ್ದು ನಿಂತರು. “ಏನ್ ಸ್ವಾಮಿ, ನನ್ನೆಮ್ಮೆ ನೀರಿಗೋಗೋ ದಾರಿಗೆ ನಾನೇ ಬೇಲಿ ಹಾಕುಸ್ತೀನಾ? ಹೆಬ್ಬೆಟ್ಟು ಒತ್ತಿದ್ದು ಬಂದಿದೀನಿ ಅಂತ, ಒಪ್ಪಿದೀನಿ ಅಂತಲ್ಲ!”

“ಹಾಜರಿ ಹಾಕ್ದೋರ ಹೆಸ್ರನ್ನೇ ಬರ್ಕೊಳೋದು ಕಣಮ್ಮ, ಮೊದಲಿಂದ್ಲೂ ಹಂಗೇ,” ಎಂದರು ಕಾರ್ಯದರ್ಶಿ.

“ಹಂಗಾರೆ ನನ್ ವಿರೋಧಾನೂ ಬರ್ಕೊಳಿ. ಬರೆಯೋಗಂಟ ನಾನು ಕೂರಲ್ಲ.”

ಕನಸಿನಿಂದೆದ್ದವರಂತೆ ಜನ ಒಬ್ಬೊಬ್ಬರೇ ಅವರ ಪಕ್ಕ ಬಂದು ನಿಂತರು. ಠರಾವನ್ನು ಕೈಬಿಡಲಾಯಿತು.

ಆ ಹಾಜರಿ ಪುಸ್ತಕಕ್ಕೆ ನಾನೂ ವರ್ಷಗಳಿಂದ ಸಹಿ ಹಾಕುತ್ತ ಬಂದಿದ್ದೇನೆ. ನನ್ನ ಹೆಸರಿನಲ್ಲಿ ಏನೇನು ಅನುಮೋದನೆಯಾಗಿದೆಯೋ ತಿಳಿಯದು. ಹಳೆಯ ನಡಾವಳಿಗಳ ಪ್ರತಿ ಕೇಳಿ ಮರುದಿನವೇ ಅರ್ಜಿ ಕೊಟ್ಟೆ.