ಮಗ್ಗದ ಗುಂಡಿಗೆ ಬಿದ್ದ ಕಡಲಹಕ್ಕಿ

ಗಾಳಿ ತಿರುಗಿದ್ದು ಸಂಜೆ ನಾಲ್ಕೂವರೆಗೆ. ಇಂದಿಗೂ ಮೀನೆಣ್ಣೆಯ ಮಾತ್ರೆಗಳ ಡಬ್ಬಿ ತೆರೆದರೆ ಆ ಹೊತ್ತೇ ಎದುರು ಬಂದು ನಿಲ್ಲುತ್ತದೆ. ನಾನು ಮಾಡಿನತ್ತ ನೋಡುತ್ತೇನೆ. ಎಂಬತ್ತರ ದಶಕದಲ್ಲಿ, ತಮಿಳುನಾಡಿನ ತಿರುಪ್ಪೂರಿನಾಚೆ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ನಮ್ಮ ಹೆಂಚಿನ ಮನೆಯಿತ್ತು. ಅಪ್ಪ ನೇಯ್ದ ಸೀರೆಗಳನ್ನು ಕೊಡಲು ಧಾರಾಪುರಕ್ಕೆ ಹೋಗಿದ್ದರು. ಕಡಲಲ್ಲಿ ಎದ್ದ ಚಂಡಮಾರುತ ನಮ್ಮವರೆಗೂ ಬಂದು, ಹೆಂಚುಗಳು ಮಗ್ಗದ ಮೇಲೆಯೇ ಬಿದ್ದು ಒಡೆದವು. ಅಮರಾವತಿ ಹೊಳೆ ಉಕ್ಕಿದೆ, ಬಸ್ಸುಗಳಿಲ್ಲ ಎಂದು ಯಾರೋ ಕೂಗುತ್ತ ಹೋದರು. ಆಗಲೇ ಮಾಡಿನ ಕಿಂಡಿಯಿಂದ ಒಂದು ಹಕ್ಕಿ, ನೇಯುವಾಗ ಅಪ್ಪ ಕಾಲು ಇಳಿಬಿಡುವ ಗುಂಡಿಯೊಳಗೆ ಬಿತ್ತು.

ಗುಬ್ಬಿಗಿಂತ ತುಸು ದೊಡ್ಡದು, ಮಸಿಗಪ್ಪು, ಬಾಲದ ಬುಡಕ್ಕೆ ಮಾತ್ರ ಬಿಳಿ ಪಟ್ಟಿ. ಬಾಗಿದ ಕೊಕ್ಕಿನ ಮೇಲೆ ಪುಟ್ಟ ಕೊಳವೆಯಂಥ ಮೂಗು. ಕಾಲ್ಬೆರಳುಗಳ ನಡುವೆ ಬಾತುಕೋಳಿಯಂತೆ ತೊಗಲು. ನಿಲ್ಲಿಸಿದರೆ ಕುಸಿಯುತ್ತಿತ್ತು. “ಪಾವಮ್, ಕಾಲು ಮುರ್ದೋಗದೆ. ಸಾಮಿ, ಮೆಲ್ಲ ಇಡ್ಕೊ,” ಎಂದು ನನ್ನ ಕೈಗೆ ಕೊಟ್ಟ ಅಜ್ಜಿ, ಬಿದಿರು ಸೀಳಿ, ಮಗ್ಗದ ಹಾಸಿನ ನೂಲಿನಿಂದ ಎರಡೂ ಕಾಲಿಗೆ ಕಟ್ಟು ಹಾಕಿದಳು. ಕಡಿದ ಎಳೆಗೆ ಹಾಕುವ ಅದೇ ಗಂಟು. ಅವ್ವ ತಿನ್ನಲು ಸಜ್ಜೆ ಕಾಳು ಇಟ್ಟಳು. ಹಕ್ಕಿ ಅವಳ ಕೈಮೇಲೆ ನಾರುವ ಎಣ್ಣೆ ಕಕ್ಕಿತು. “ಅಯ್ಯೋ, ಸೈವ ಮನೇಲಿ ಮೀನ್ ನಾತ!” ಎಂದು ನಕ್ಕವಳು ನಗುತ್ತಲೇ ಅತ್ತಳು. ಅತ್ತದ್ದು ಹಕ್ಕಿಗೋ ಅಪ್ಪನಿಗೋ, ನನಗೆ ತಿಳಿಯಲಿಲ್ಲ. ನದಿ ಹಕ್ಕಿಯನ್ನು ಕಳಿಸಿ ಅಪ್ಪನನ್ನು ಇಟ್ಟುಕೊಂಡಿತೇ ಎಂದೂ ಅನಿಸಿತು. ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ.

ಮರುದಿನ ಇಳಿಹೊತ್ತಿಗೆ ಅಪ್ಪ ಕೆಸರು ಮೆತ್ತಿದ, ಊದಿದ ಕಾಲುಗಳಲ್ಲಿ ಬಂದು ನಿಂತರು. ಹಕ್ಕಿಯನ್ನು ನೋಡಿ, “ಅಷ್ಟು ದೂರ ನಡ್ಕೊಂಡು ಬಂದವ ನಾನು. ಕಟ್ಟು ಅದುಕ್ಕಾ, ಅವ್ವಾ?” ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಮಗನ ಪಾದ ಒತ್ತಿ ಒತ್ತಿ ನೋಡಿದಳು.

ಹಕ್ಕಿಯ ರೆಕ್ಕೆ ಗಟ್ಟಿಯಿದ್ದದ್ದು ಕಂಡು ಅಪ್ಪ ಕಟ್ಟಿನ ನೂಲು ಕತ್ತರಿಸಿ, ಕತ್ತಲಾಗುವ ಮುನ್ನ ಹೆಂಚು ಹೊದಿಸಲು ಮಾಡು ಏರಿದಾಗ ಹಕ್ಕಿಯನ್ನು ಅಂಗೈಯಲ್ಲಿಟ್ಟು ಗಾಳಿಗೆ ಒಡ್ಡಿದರು. ಅದು ಕಾಲು ಇಳಿಬಿಟ್ಟು, ಗಾಳಿಯ ಮೇಲೆ ಹೆಜ್ಜೆ ಹಾಕುವಂತೆ ಹೋಯಿತು.

ಕೊಯಮತ್ತೂರಿನ ಕಾಲೇಜಿನಲ್ಲಿದ್ದಾಗ ಪುಸ್ತಕವೊಂದರಲ್ಲಿ ಅದರ ಚಿತ್ರ ಕಂಡೆ. ಅಲೆಗಳ ಮೇಲೆ ಓಡುವಂತೆ ಹಾರುವ ಹಕ್ಕಿ. ನೆಲದ ಮೇಲೆ ಅದಕ್ಕೆ ನಿಲ್ಲಲು ಬಾರದು. ಆ ಕಾಲು ಮುರಿದೇ ಇರಲಿಲ್ಲ. ಹೇಳೋಣವೆಂದರೆ ಅಜ್ಜಿ ಇರಲಿಲ್ಲ. ಈಗ ಅಪ್ಪನೂ ಇಲ್ಲ. ಗುಂಡಿ ಮುಚ್ಚಿದ ಜಾಗದಲ್ಲಿ ಬನಿಯನ್ ಹೊಲಿಯುತ್ತಾರೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಹಕ್ಕಿ ಕಡಲು ಸೇರಿತೋ ಇಲ್ಲವೋ ತಿಳಿಯದು. ಅದು ಹೋದ ದಿನ, ಹೆಂಚು ಸಾಲದೆ ಉಳಿದ ಕಿಂಡಿಯ ಕೆಳಗೇ ನಾವೆಲ್ಲ ಬೆಳಗಿನವರೆಗೂ ಮಲಗಿದೆವು.